ಎಷ್ಟನೇ ಜ್ವರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಅಕ್ಕಯ್ಯಮ್ಮ, ನನ್ನ ಸೋದರತ್ತೆ,
ತನ್ನದೇ ಬೆಳೆಯ ಒಂದು ಗೂಡನ್ನು
ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಉಗುರಲ್ಲಿ ಒತ್ತಿ,
ನನಗಷ್ಟೇ ಕೇಳುವಂತೆ ಹೇಳುತ್ತಾಳೆ:
"ಇದು ನೂಲು ಬಿಟ್ಟ ಎರಡನೇ ರಾತ್ರಿ ಕರೆಂಟು ಹೋಗಿತ್ತು.
ಜಳಕ್ಕೆ ಹುಳ ಕೈಬಿಟ್ಟಿದೆ. ಇಲ್ಲಿ ಮುಟ್ಟು, ಜಾಳು."
ರೀಲರು ಗೌಸ್ ಪೀರ್‌ಗೂ ಬೆರಳಿದೆಯಲ್ಲ.
ಫೋನು ತೆಗೆದು ಕಿಲೋಗೆ ಮೂವತ್ತು ಇಳಿಸಿ ಒತ್ತುತ್ತಾನೆ.

ನನ್ನದೂ ಇದೇ ಕಸುಬು, ಅತ್ತೆ.
ಹುಳ ಬೇರೆ.

ಅರಬ್ಬೀ ಸಮುದ್ರದ ತಳಕ್ಕೆ ಕೊಳವೆ ಇಳಿಸಿ ಎತ್ತಿದ ಕೆಸರು
ನನ್ನ ಮೇಜಿಗೆ ಬರುತ್ತದೆ, ತಣ್ಣಗೆ, ಬೂದುಬಣ್ಣದ್ದು.
ಜರಡಿಯಲ್ಲಿ ತೊಳೆದರೆ ಉಳಿಯುವುದು ಹಿಡಿ ರವೆ.
ಮೂರು ಕೂದಲಿನ ಕುಂಚ ಒದ್ದೆ ಮಾಡಿ
ಒಂದೊಂದನ್ನೇ ಆರಿಸಿ ಕಪ್ಪು ತಟ್ಟೆಗಿಡುತ್ತೇನೆ.
ಎಂಟು ವರ್ಷವಾಯಿತು. ಕುತ್ತಿಗೆ ನೋವು ಬಂದಿದೆ.

ಹುಳಮನೆಯ ಬಾಗಿಲಲ್ಲಿ ಅವಳಿಗೊಂದು ತೋರಿಸಿದೆ.
ಭೂತಗನ್ನಡಿ ಅನ್ನುತ್ತೇವಲ್ಲ,
ಹೆಸರಿಟ್ಟವರಿಗೆ ಗೊತ್ತಿತ್ತೇನೋ ಅದು ತೋರಿಸುವುದೇನೆಂದು.
ಒಂದು ಕಣ್ಣು ಮುಚ್ಚಿ ನೋಡಿದಳು, ಬಹಳ ಹೊತ್ತು.
"ಯಾವ ಹುಳದ ಗೂಡಮ್ಮಣ್ಣಿ ಇದು?"

ನೀರಲ್ಲಿ ತೇಲುವ ಜೀವ, ಅತ್ತೆ. ಪ್ಲಾಂಕ್ಟನ್ ಅಂತಾರೆ.
ನಿನ್ನ ಒಂದು ಬೆಳೆಯಷ್ಟು ಆಯುಸ್ಸು.
ಸುಣ್ಣದ ಕೋಣೆಗೆ ಕೋಣೆ ಸೇರಿಸಿ ಕಟ್ಟಿಕೊಂಡು
ಸಾಯುತ್ತದೆ. ಮನೆ ತಳಕ್ಕೆ ಬೀಳುತ್ತದೆ,
ಮನೆಯ ಮೇಲೆ ಮನೆ.
ಯಾವ ವರ್ಷ ನೀರು ಎಷ್ಟು ಬೆಚ್ಚಗಿತ್ತೆಂದು ಗೋಡೆಯಲ್ಲೇ ಬರೆದಿರುತ್ತದೆ.
ಇದು ಇಪ್ಪತ್ತು ಸಾವಿರ ವರ್ಷದ ಹಿಂದಿನದು.
ಲೋಕವೆಲ್ಲ ಥಂಡಿಯಾಗಿದ್ದ ಕಾಲ.

"ಆಮೇಲೆ ಕಾವು ಏರಲಿಲ್ಲವಾ?"

ಏರಿತು. ಅಜ್ಜಿ ಮೆಟ್ಟಿಲು ಹತ್ತಿದ ಹಾಗೆ,
ಕೂತು, ಎದ್ದು, ಸಾವಿರಾರು ವರ್ಷ.
ತಂಪು ಬೇಕಾದವು ಪೀಳಿಗೆ ಪೀಳಿಗೆಯಾಗಿ
ಧ್ರುವದ ಕಡೆಗೆ ತೇಲಿ ಹೋದವು.
ಈಗ ಅದೇ ಮೆಟ್ಟಿಲನ್ನು ಯಾರೋ ಓಡಿ ಹತ್ತುತ್ತಿದ್ದಾರೆ.

"ಜಳ ಬಂದರೆ ನಾನು ತಟ್ಟೆಗಳನ್ನು
ಉತ್ತರದ ಗೋಡೆಗೆ ಸರಿಸುತ್ತೇನೆ. ಗೋಣಿ ನೆನೆಸಿ ಕಟ್ಟುತ್ತೇನೆ.
ಅವುಗಳ ತಟ್ಟೆ ಯಾರು ಸರಿಸುತ್ತಾರೆ?"

ಯಾರೂ ಇಲ್ಲ. ಅದೂ ಅಲ್ಲದೆ
ನಮ್ಮ ಸಮುದ್ರಕ್ಕೆ ಉತ್ತರದಲ್ಲಿ ನೆಲ, ಅತ್ತೆ.
ಹೋದರೆ ದಡ ಬಡಿಯುತ್ತದೆ.

"ಉತ್ತರಕ್ಕೆ ಕಿಟಕಿಯಿಲ್ಲದ ಮನೆ," ಅಂದಳು.
ಯಾರೋ ಮೇಸ್ತ್ರಿಯನ್ನು ಬೈದ ಹಾಗಿತ್ತು.

ಅವಳು ಕೇಳದೆ ಬಿಟ್ಟದ್ದು ನನ್ನ ಗಂಟಲಲ್ಲೇ ಇತ್ತು:
ನಡುಗಡಲಿನ ಬಿಸಿಯಿಂದ ಇವು ಹೊರಟುಹೋದರೆ
ಆ ಖಾಲಿ ತಟ್ಟೆಗೆ ಬರುವವರು ಯಾರು?
ಅದಕ್ಕಿಂತ ಬಿಸಿಯಾದ ಊರೇ ಇಲ್ಲವಲ್ಲ, ಅಲ್ಲಿಂದ ಬರಲು.
ಕೆಸರಿನಲ್ಲಿ ಈ ಪ್ರಶ್ನೆಗೆ ಪದರವಿಲ್ಲ.
ನಾನು ಹುಡುಕಿದ್ದೇನೆ.

ರಾತ್ರಿ ಹುಳಮನೆಯಲ್ಲಿ ಸದ್ದಿಲ್ಲ.
ನಿನ್ನೆಯವರೆಗೆ ಸೊಪ್ಪು ತಿನ್ನುವ ಪರಪರ
ಹಜಾರದಲ್ಲಿ ಮಲಗಿದವರಿಗೂ ಕೇಳುತ್ತಿತ್ತು.
ಇವತ್ತು ಸಾವಿರಾರು ತಲೆ ಮೇಲಕ್ಕೆತ್ತಿ ನಿಂತಿವೆ,
ಯಾವುದೂ ಅಲುಗುವುದಿಲ್ಲ. ನನಗೆ ಹೆದರಿಕೆಯಾಯಿತು.

"ಜ್ವರಕ್ಕೆ ಕೂತಿವೆ. ನಾಲ್ಕನೇದು.
ಚರ್ಮ ಬಿಟ್ಟು ಏಳುತ್ತವೆ. ಮುಟ್ಟಬೇಡ."
ಟಾರ್ಚು ಹಿಡಿದು ಬಗ್ಗಿ ಒಂದೊಂದರ ಹೊಳಪು ನೋಡುತ್ತಾಳೆ.
ಕೂತದ್ದು ಯಾವುದು, ಸತ್ತದ್ದು ಯಾವುದು,
ನನಗೆ ಎರಡೂ ಒಂದೇ ಥರ.
ಅವಳು ಮಾತ್ರ ನಡುನಡುವೆ ಒಂದನ್ನು ಎತ್ತಿ
ಡಬ್ಬಿಗೆ ಹಾಕುತ್ತಾಳೆ.

ಸಮುದ್ರದ್ದು ಎಷ್ಟನೇ ಜ್ವರ?
ಇದು ಏಳುವ ಮೌನವೋ, ಅಲ್ಲವೋ,
ಹೊಳಪು ನೋಡಿ ಹೇಳುವಷ್ಟು
ಯಾರು ಬಗ್ಗಿದ್ದಾರೆ ಅದರ ಮೇಲೆ?

ಬಟ್ಟೆಯ ಗಂಟಿನಲ್ಲಿ ಸುಣ್ಣದ ಪುಡಿ ಕಟ್ಟಿ
ಅತ್ತೆ ತಟ್ಟೆಗಳ ಮೇಲೆ ತಟ್ಟತೊಡಗಿದಳು.
ಹಾಸು ಒಣಗಲಿ ಅಂತ.
ಎಂದೋ ಬತ್ತಿದ ಯಾವ ಕಡಲಿನ
ಯಾರ ಮನೆಗಳೋ ಸುಟ್ಟು ಸುಣ್ಣವಾದದ್ದು,
ಮೆಲ್ಲಗೆ, ಬಿಳಿಯಾಗಿ,
ತಲೆಯೆತ್ತಿ ನಿಂತ ಹುಳಗಳ ಮೇಲೆ ಇಳಿಯಿತು.
ನನ್ನ ತೋಳಿನ ಮೇಲೂ ಒಂದಿಷ್ಟು.
ಒರೆಸಿಕೊಳ್ಳಲಿಲ್ಲ.